ತುಂಡೆಲೆಯ ಹೆಸರು

ಹಾರವಾಡದ ಪುನರ್ವಸತಿ ಕಾಲೊನಿಯಲ್ಲಿ ನನ್ನ ಮನೆಗೂ ಕಿಶೋರನ ಮನೆಗೂ ನಡುವೆ ಇರುವುದು ಒಂದು ಪಾಗಾರ ಮಾತ್ರ. ಅವನ ಹಿಂದಿನ ಕೋಣೆಯಲ್ಲಿ ಸದಾ ಗುಂಯ್‌ಗುಡುವ ಮೂರು ಹಳೆಯ ಕಂಪ್ಯೂಟರುಗಳಿಗೆ ನಾನು ಬೈಯದ ದಿನವಿರಲಿಲ್ಲ. ಕಾರವಾರದ ಒಂದು ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ನೋಡಿಕೊಳ್ಳುವ ಕಿಶೋರ, ಗುಜರಿಗೆ ಹೋಗಬೇಕಾದ ಅವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಂದೊಂದಾಗಿ ತಂದಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿ ಸುಮಿತಾಳನ್ನೂ ಅಷ್ಟು ಜೋಪಾನವಾಗಿ ಕರೆತಂದಿರಲಿಕ್ಕಿಲ್ಲ.

"ಇದು ಕ್ಲಸ್ಟರ್, ಶಿವಾನಂದಣ್ಣ," ಎಂದು ಒಮ್ಮೆ ವಿವರಿಸಿದ. "ಒಂದೊಂದು ಕೆಲ್ಸಾನೂ ಒಂದೊಂದು ಡಬ್ಬಿಯಾಗೆ ಹಾಕಿ ಮುಚ್ಚಿದಾಂಗೆ. ಅದ್ಕೇ ಕಂಟೇನರ್ ಅನ್ನೂದು. ಒಂದು ಮಷೀನ್ ಮಲಗಿದ್ರೆ ಅದ್ರ ಡಬ್ಬಿ ಇನ್ನೊಂದ್ರ ಮೇಲೆ ಎದ್ದು ಕೂಡ್ತದೆ. ಮೇಲಿಂದ ಬೇರೆ ಡಿಸ್ಕಿನಾಗೆ ದಿನಾ ಬ್ಯಾಕಪ್. ಎಂತದೂ ಕಳೂದಿಲ್ಲ."

"ಕಳ್ಕಂಬೂಕೆ ನಿನ್ನ ಹತ್ರ ಇರೂದಾದ್ರೂ ಎಂತದು ಮಾರಾಯಾ?" ಎಂದು ಕಾಲೆಳೆದೆ. ಅವನು ನಕ್ಕ.

ಅವನ ತಾಯಿ ಗೋದಾವರಿಯಕ್ಕನಿಗೆ ಒಂದು ಅಭ್ಯಾಸವಿತ್ತು. ಹಬ್ಬದ ದಿನ ಹಿರಿಯರ ಎಡೆಯ ಪಕ್ಕದಲ್ಲಿ ಅಂಗೈಯಷ್ಟು ತುಂಡು ಬಾಳೆಲೆ ಹಾಕಿ, ಅದರ ಮೇಲೆ ಚೂರು ಅನ್ನ, ಚೂರು ಪಾಯಸ ಬಡಿಸುತ್ತಿದ್ದಳು. ಯಾರಿಗೆಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ನೌಕಾನೆಲೆಗೆಂದು ಅರ್ಗಾದ ಮನೆ ಬಿಟ್ಟು ಇಲ್ಲಿಗೆ ಬಂದ ಮೇಲೆ ಆ ಊರಿನ ಸುದ್ದಿಯನ್ನೇ ಆಕೆ ಎತ್ತಿದವಳಲ್ಲ.

ಹೋದ ದೀಪಾವಳಿ ಮುಗಿದ ಮೇಲೆ ಏನನ್ನಿಸಿತೋ, ದಿನಾ ಸಂಜೆ ಹೊತ್ತು ಮಗನನ್ನು ಕೂರಿಸಿಕೊಂಡು ತಾನಾಗಿ ಅರ್ಗಾದ ಮಾತು ಹೇಳತೊಡಗಿದಳು. ಕಿಶೋರ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ. ಮನೆ, ಬಾವಿ, ಹಿತ್ತಲು ಎಲ್ಲ ಹೇಳಿ ಮುಗಿಸಿ ಕೊನೆಯ ಸಂಜೆ ಆಕೆ ಅವನಿಗಿಂತ ಮೊದಲು ಹುಟ್ಟಿದ ಗಂಡುಮಗುವಿನ ಮಾತು ತೆಗೆದಳು. ಅಂಬೆಗಾಲಿಡುವಾಗ ಜ್ವರ ಬಂದು ಹೋಯಿತಂತೆ. ಗೇರುಮರದ ಬುಡದಲ್ಲಿ ಮಣ್ಣು ಮಾಡಿದ್ದರಂತೆ. ಈಗ ಅಲ್ಲಿಗೆ ನೌಕಾನೆಲೆಯ ಬೇಲಿ ಅಡ್ಡ. ಮಗುವಿನ ಹೆಸರನ್ನೂ ಹೇಳಿದಳು.

"ನಾ ಹೋದ್ಮೇಲೆ ತುಂಡೆಲೆ ನೀನೇ ಹಾಕ್ಬೇಕು. ಹೆಸ್ರು ಹೇಳಿ ಕರಿ. ಇಲ್ದಿದ್ರೆ ಅದಕ್ಕೆ ತನ್ನ ಎಡೆ ಅಂತ ಹೆಂಗೆ ಗುತ್ತಾಗ್ಬೇಕು?"

ಆಗ ಕಿಶೋರನ ಕಣ್ಣು ಮೊಬೈಲಿನ ಮೇಲಿತ್ತು. ರಸ್ತೆಯಲ್ಲಿ ಮೀನಿನವನ ಹಾರ್ನ್ ಬಡಿದುಕೊಳ್ಳುತ್ತಿತ್ತು, ಅದು ರೆಕಾರ್ಡಿನಲ್ಲಿ ಬಂದುಬಿಟ್ಟೀತೆಂಬ ಚಿಂತೆ ಅವನಿಗೆ. ಹೆಸರು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹೇಗೂ ಮಷೀನು ಕೇಳಿಸಿಕೊಂಡಿದೆಯಲ್ಲ! ಎಲ್ಲವನ್ನೂ ಕ್ಲಸ್ಟರಿಗೆ ಏರಿಸಿದ. ಮಾರನೆಯ ಬೆಳಿಗ್ಗೆ 'ಬ್ಯಾಕಪ್ ಮುಗಿದಿದೆ' ಎಂಬ ಸಂದೇಶ ಬಂದ ಮೇಲೆ, ಜಾಗ ಸಾಲದೆಂದು ಮೊಬೈಲಿನಿಂದ ಅಳಿಸಿದ.

ಎಡವಟ್ಟು ಅದಕ್ಕೂ ಮೊದಲೇ, ಆಯುಧಪೂಜೆಯ ದಿನವೇ ಆಗಿಹೋಗಿತ್ತು. ಕಂಪ್ಯೂಟರುಗಳಿಗೆ ಇದ್ದಲ್ಲೇ ಹೂವಿಟ್ಟರೂ ಬ್ಯಾಕಪ್ಪಿನ ಡಿಸ್ಕು ಚಿಕ್ಕದೆಂದು ಅದನ್ನು ಬಿಚ್ಚಿ ಕತ್ತಿ, ಕತ್ತರಿ, ಸ್ಕೂಟರ್ ಕೀಲಿಗಳ ಜೊತೆ ದೇವರ ಮುಂದೆ ಇಟ್ಟಿದ್ದರು. ಮರುದಿನ ಕಿಶೋರ ಬೆಳಿಗ್ಗೆಯೇ ಕಾರವಾರಕ್ಕೆ ಹೋದ. ಸುಮಿತಾ ಡಿಸ್ಕನ್ನು ಮೊದಲಿದ್ದ ಜಾಗದಲ್ಲೇ ನೀಟಾಗಿ ಇಟ್ಟಳು. ವಯರು ಚುಚ್ಚಲಿಲ್ಲ. ವಯರು ಮುಟ್ಟಬೇಡಿ ಎಂದು ಮನೆಮಂದಿಗೆಲ್ಲ ತಾಕೀತು ಮಾಡಿದ್ದವನು ಅವನೇ ತಾನೆ?

ಕುಂಕುಮ ಹಚ್ಚಿದ ಡಿಸ್ಕು ಕಣ್ಣೆದುರೇ ಕೂತಿತ್ತು. ಬ್ಯಾಕಪ್ಪಿನ ಪ್ರೋಗ್ರಾಮು ಡಿಸ್ಕು ಇದೆಯೋ ಇಲ್ಲವೋ ನೋಡದೆ, ಅದರ ಹೆಸರಿನ ಖಾಲಿ ಫೋಲ್ಡರಿಗೆ, ಅಂದರೆ ಅದೇ ಕಂಪ್ಯೂಟರಿನ ಹೊಟ್ಟೆಗೇ ತುಂಬುತ್ತಿತ್ತು. ದಿನಾ 'ಮುಗಿದಿದೆ' ಎಂದು ಸಂದೇಶ ಬೇರೆ.

ಸಂಕ್ರಾಂತಿ ಕಳೆದ ಭಾನುವಾರ ಕಿಶೋರ ಕ್ಲಸ್ಟರನ್ನು ಹೊಸ ಆವೃತ್ತಿಗೆ ಏರಿಸಲು ಕೂತ. ಅರ್ಧಕ್ಕೆ ಕೆಟ್ಟಿತು. ಮೂರು ಮಷೀನೂ ಒಂದನ್ನೊಂದು ಗುರುತು ಹಿಡಿಯದಾದವು. ಬ್ಯಾಕಪ್ ಇದೆಯಲ್ಲ ಎಂಬ ಧೈರ್ಯದಲ್ಲಿ ಮೂರನ್ನೂ ಪೂರ್ತಿ ಅಳಿಸಿ ಹೊಸದಾಗಿ ಕಟ್ಟಿದ. ಆಮೇಲೆ ಡಿಸ್ಕಿಗೆ ಕೈ ಹಾಕಿದರೆ ವಯರು ಹಿಂದೆ ಜೋತಾಡುತ್ತಿತ್ತು. ಡಿಸ್ಕಿನಲ್ಲಿ ಇದ್ದದ್ದು ಆಯುಧಪೂಜೆಯ ತನಕದ್ದು ಮಾತ್ರ, ತಾಯಿ ಹೇಳಿದ್ದು ಒಂದೂ ಇರಲಿಲ್ಲ.

"ಆಯಿ ಇದ್ದಾಳಲ್ಲ, ಮತ್ತೊಂದ್ಸಲ ಕೇಳು," ಎಂದೆ ನಾನು.

"ಯಾವ ಬಾಯಲ್ಲಿ ಕೇಳೂದು ಅಣ್ಣಾ? ಮನ್ಸು ಹಗೂರ ಆಯ್ತು ಅಂದ್ಕಂಡು ಕೂತಿದ್ದಾಳೆ. ಮೊದ್ಲು ಮಷೀನಿಂದ ತೆಗೂಕೆ ಆಗ್ತದಾ ನೋಡ್ತೆ."

ನೋಡುತ್ತಲೇ ಉಳಿದ. ಇವತ್ತು ನಾಳೆ ಎಂದು ದಿನ ತಳ್ಳಿದ. ಆ ಮೂರ್ಖನಿಗೆ ಎರಡು ಬಾರಿಸಬೇಕೆಂದು ನನಗೆ ಸಿಟ್ಟು ಬರುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ಗೋದಾವರಿಯಕ್ಕನಿಗೆ ಲಕ್ವಾ ಹೊಡೆಯಿತು. ಕಾರವಾರದ ಆಸ್ಪತ್ರೆಯಿಂದ ಜೀವ ಉಳಿಸಿಕೊಂಡು ಬಂದಳು. ಎಲ್ಲ ತಿಳಿಯುತ್ತಿತ್ತು. ಬಲಗೈ ಏಳದು, ಮಾತು ಹೊರಡದು.

ಯುಗಾದಿಗೆ ನನ್ನನ್ನೂ ಊಟಕ್ಕೆ ಕರೆದಿದ್ದರು. ಸುಮಿತಾ ಎಡೆ ಬಡಿಸಿ, ಅತ್ತೆಯನ್ನು ಕಣ್ಣಲ್ಲೇ ಕೇಳಿಕೊಂಡು, ಪಕ್ಕದಲ್ಲಿ ತುಂಡೆಲೆ ಹಾಕಿದಳು. ಗೋದಾವರಿಯಕ್ಕ ಕುರ್ಚಿಯಿಂದ ಮಗನತ್ತ ಎಡಗೈ ಬೀಸಿದಳು. ಕರಿ ಎಂದಳೆಂದು ಎಲ್ಲರಿಗೂ ಅರ್ಥವಾಯಿತು.

ಕಿಶೋರ ಎಲೆಯ ಮುಂದೆ ಕೂತು ನೀರು ಬಿಟ್ಟ. "ಅಣ್ಣಾ, ಬಾ," ಎಂದ.

ಆಕೆ ಹಾಗಲ್ಲವೆಂದು ತಲೆಯಾಡಿಸಿದಳು. ಮತ್ತೆ ಕೈ ಬೀಸಿದಳು.

"ಬಾ ಅಣ್ಣಾ," ಎಂದ ಅವನು, ಇನ್ನೂ ಸಣ್ಣ ದನಿಯಲ್ಲಿ.

ಗೋದಾವರಿಯಕ್ಕ ಮಗನ ಮುಖವನ್ನೇ ನೋಡುತ್ತ ಉಳಿದಳು. ಆಕೆಗೆ ತಿಳಿದುಹೋಯಿತು. ನನಗೆ ಅಲ್ಲಿಂದ ಎದ್ದು ಹೋದರೆ ಸಾಕೆನ್ನಿಸಿತು. ಆಕೆ ಬಗ್ಗಿ, ರೂಢಿಯಿಲ್ಲದ ಎಡಗೈಯಲ್ಲೇ ತುಂಡೆಲೆಯನ್ನು ತನ್ನ ಕಾಲ ಬಳಿಗೆ ಎಳೆದುಕೊಂಡಳು. ಸೊಟ್ಟಗಾದ ತುಟಿ ಅಲುಗಿತು, ಮತ್ತೆ ಅಲುಗಿತು. ಹೆಸರು ಬರಲಿಲ್ಲ, ಬರೀ ಉಸಿರು ಬಂತು. ಹಿಂದಿನ ಕೋಣೆಯಲ್ಲಿ ಮೂರೂ ಮಷೀನು ಸರಿಯಾಗಿ ಓಡುತ್ತಿದ್ದವು.