ಅಕ್ಕನ ಕೊನೆಯ ಕಾದಂಬರಿ

ಅಕ್ಕನ ಮೂಗಿನ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ಒಲೆಯ ಮಸಿ ಎಂದುಕೊಂಡಿದ್ದೆ. ಅದು ಪತ್ರಿಕೆಯ ಅಚ್ಚಿನ ಮಸಿ ಎಂದು ಆಮೇಲೆ ಗೊತ್ತಾಯಿತು. ಮೂಗಿಗೆ ತಗಲುವಷ್ಟು ಹತ್ತಿರ ಹಿಡಿಯದೆ ಅವಳಿಗೆ ಅಕ್ಷರ ಕಾಣುತ್ತಿರಲಿಲ್ಲ.

ತೊರಪಳ್ಳಿಯಲ್ಲಿ, ಮೈಸೂರಿನ ರಸ್ತೆ ಕಾಡು ಹೊಗುವ ಕಡೆ, ಅವಳದೊಂದು ಹುಲ್ಲು ಹೊದಿಸಿದ ಹೋಟೆಲು. ಗಾಡಿಯವರಿಗೆಲ್ಲ ಅವಳು ಅಕ್ಕ. ನಾನು ಗೂಡಲೂರಿನಿಂದ ಗುಂಡ್ಲುಪೇಟೆಗೆ ಗಾಡಿ ಹೊಡೆಯುತ್ತಿದ್ದೆ. ಆನೆಗಳ ಭಯಕ್ಕೆ ಒಂಟಿ ಗಾಡಿ ಯಾರೂ ಕಾಡಿಗೆ ಬಿಡುತ್ತಿರಲಿಲ್ಲ. ಐದಾರು ಗಾಡಿ ಸೇರುವವರೆಗೆ ಅಲ್ಲೇ ಕಾಯಬೇಕು. ನಾವು ಕಾಯುತ್ತ ತೂಕಡಿಸುತ್ತಿದ್ದರೆ, ಅಕ್ಕ ಒಂದು ಒಬ್ಬೆ ಇಡ್ಲಿ ಬೇಯುವಷ್ಟರಲ್ಲಿ ಎರಡು ಪುಟ ಓದುತ್ತಿದ್ದಳು. ಕಾಫಿ ತೋಟದಲ್ಲಿ ಗುಮಾಸ್ತನಾಗಿದ್ದ ಗಂಡ ಸಾಯುವ ಮುಂಚೆ ಕಲಿಸಿದ ಓದು. "ಅವರು ಬಿಟ್ಟು ಹೋದ ಆಸ್ತಿ ಇಷ್ಟೇ. ಪುಣ್ಯಕ್ಕೆ ಇದಕ್ಕೆ ದಾಯಾದಿಗಳಿಲ್ಲ" ಎನ್ನುತ್ತಿದ್ದಳು.

ಒಂದು ವರ್ಷ ಊಟಿಯ ಡಾಕ್ಟರು ಅವಳ ಕಣ್ಣು ನೋಡಿ, ಇನ್ನು ಕೆಲವೇ ತಿಂಗಳು ಕಾಣುತ್ತದೆ ಅಂದರು. ಅಕ್ಕ ಅಳಲಿಲ್ಲ.

"ಇನ್ನೊಂದೇ ಒಂದು ಪುಸ್ತಕ ಓದಬೌದು ಕಣಪ್ಪ. ಅದು ಒಳ್ಳೇದಾಗಿರಬೇಕು" ಅಂದಳು.

ಆಗ ಮೈಸೂರಿನ ಪತ್ರಿಕೆಯೊಂದರಲ್ಲಿ ಹೊಸ ಕಾದಂಬರಿಯೊಂದನ್ನು ಇಡೀ ಪುಟ ಹೊಗಳಿದ್ದರು. ವಿಧವೆಯೊಬ್ಬಳ ಕಥೆಯಂತೆ, ಓದಿ ಕಣ್ಣೀರಿಡದವನು ಮನುಷ್ಯನೇ ಅಲ್ಲವಂತೆ. ಅಕ್ಕನಿಗೆ ಅದೇ ಬೇಕಾಯಿತು. ಗುಂಡ್ಲುಪೇಟೆಯ ಮೇಷ್ಟರೊಬ್ಬರಿಗೆ ಹೇಳಿ ತರಿಸಿಕೊಟ್ಟೆ.

ಮುಂದಿನ ಸಲ ಕೇಳಿದೆ, "ಹೆಂಗದೆ ಅಕ್ಕ ಪುಸ್ತಕ?"

"ಮುಂದಕ್ಕೆ ಚೆಂದಾಗಿರ್ತದೇನೋ, ನೋಡವ."

ಮೂರು ಸಲ ಇದೇ ಉತ್ತರ. ನಾಲ್ಕನೆಯ ಸಲ ಪುಸ್ತಕವನ್ನು ನನ್ನ ಕೈಗಿಟ್ಟಳು. "ಅರ್ಧಕ್ಕೇ ಕಣ್ಣು ಹೋಯ್ತು. ಮಿಕ್ಕಿದ್ದ ನೀನು ಓದು."

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ದುಡಿದು ತಿಂದವನು, ಯಾರ ಎದುರೂ ತಲೆ ತಗ್ಗಿಸಿದವನಲ್ಲ. ನಾಲ್ಕು ಜನ ಗಾಡಿಯವರ ಮುಂದೆ ಅಕ್ಷರ ಕೂಡಿಸಿ ಕೂಡಿಸಿ ಓದುವಾಗ ಬೆವರಿಳಿಯಿತು. ಆದರೂ ಓದಿದೆ. ಕಥೆಯಲ್ಲಿ ಘಟ್ಟ ಇಳಿಯುವಾಗ ಗಾಡಿಯವನು ಹಾಡುತ್ತ ನಿದ್ದೆ ಹೋದ. "ಅವನ ತಿಥಿ ಯಾವತ್ತು?" ಅಂದ ನಮ್ಮಲ್ಲೊಬ್ಬ ಮುದುಕ. ವಿಧವೆ ಪುಟಪುಟಕ್ಕೂ ಮೂರ್ಛೆ ಹೋದಳು. "ಇವಳು ಒಲೆ ಹಚ್ಚೋದು ಯಾವಾಗ?" ಅಂದಳು ಅಕ್ಕ.

ಒಂದು ದಿನ ಓದಿದೆ: "ವಿವಾಹದ ಬೆಂಕಿಯಲ್ಲಿ ಆಕೆ ದಿನದಿನವೂ ಬೆಂದಳು."

ಅಕ್ಕ ಹಿಟ್ಟು ಕಲಸುತ್ತಿದ್ದ ಕೈ ನಿಲ್ಲಿಸಿದಳು. "ಇನ್ನೊಂದ್ಸಲ ಓದು."

ಬೆರಳಿಟ್ಟು ನೋಡಿದೆ. ಅದು ವಿವಾಹವಲ್ಲ, ವಿರಹ.

ಅವಳು ಕೆಮ್ಮು ಬರುವಷ್ಟು ನಕ್ಕಳು. "ಇಡೀ ಪುಸ್ತಕದಲ್ಲಿ ನಿಜ ಅಂತ ಇದ್ದದ್ದು ಅದೊಂದೇ ಮಾತು ಕಣೋ. ಅದೂ ನೀನು ತಪ್ಪು ಓದಿದ್ದು!"

"ಸಾಕು ಬಿಡಕ್ಕ" ಅಂದೆ.

"ಮುಗಿಸ್ದೆ ಕೆಟ್ಟದ್ದು ಅನ್ನಕೆ ನಾವ್ಯಾರು? ಓದು."

ಎರಡು ತಿಂಗಳು ಹಿಡಿಯಿತು. ಕೊನೆಯ ಪುಟದಲ್ಲಿ ವಿಧವೆ ಬಾವಿಗೆ ಬಿದ್ದಳು. ದಿನವಿಡೀ ಗಾಡಿ ಹೊಡೆದರೂ ಆಗದ ದಣಿವು ನನಗೆ.

"ಪತ್ರಿಕೆಯವರಿಗೊಂದು ಕಾಗದ ಬರಿ" ಅಂದಳು ಅಕ್ಕ.

"ಪುಸ್ತಕ ಬರೆದವನಿಗೂ ನಾಲ್ಕು ಮಾತು ಬಿಗಿಯವ" ಅಂದೆ.

"ಅವನಿಗೆ ಬ್ಯಾಡ. ಪಾಪ, ಅವನೂ ದೀಪದ ಮುಂದೆ ಕಣ್ಣು ಸವೆಸಿರ್ತಾನೆ. ಬರೆಯಕೆ ಬರನಿಲ್ಲ, ಅಷ್ಟೇಯ. ಹೊಗಳಿದೋರಿಗೆ ಬರಿ. ಸ್ವಾಮಿ, ಇದು ನನ್ನ ಕಣ್ಣಿನ ಕೊನೇ ಪುಸ್ತಕ, ನಿಮ್ಮ ಮಾತು ನಂಬಿ ತರಿಸ್ಕಂಡೆ. ಇನ್ಮುಂದೆ ಓದಿ ಹೊಗಳಿ."

ಬರೆದೆ. ಉತ್ತರ ಬರಲಿಲ್ಲ.

ಆಮೇಲೆ ಏಳು ವರ್ಷ ಅವಳಿದ್ದಳು. ಕೈಯಂದಾಜಿನಲ್ಲೇ ಹಿಟ್ಟು ಹುಯ್ಯುತ್ತಿದ್ದಳು. ಗಾಡಿ ನಿಂತಾಗಲೆಲ್ಲ ನಾನು ಓದುತ್ತಿದ್ದೆ. ಯಾವ ಪುಸ್ತಕ ತರಲಿ ಎಂದರೆ, "ಯಾರೂ ಹೊಗಳ್ದೆ ಇರೋದ ತಾ" ಎನ್ನುತ್ತಿದ್ದಳು.

ಅವಳು ಸತ್ತಾಗ ನಾನು ಗುಂಡ್ಲುಪೇಟೆಯಲ್ಲಿದ್ದೆ. ಸುದ್ದಿ ತಿಳಿದದ್ದು ಮೂರನೆಯ ದಿನ, ತೊರಪಳ್ಳಿಗೆ ಬಂದ ಮೇಲೆ. ಒಲೆ ತಣ್ಣಗಿತ್ತು. ಅರ್ಧ ಓದಿದ್ದ ಪುಸ್ತಕವೊಂದು ನನ್ನ ಗಾಡಿಯಲ್ಲಿತ್ತು. ಹೋಟೆಲಿನ ಜಗಲಿಯ ಮೇಲೆ ಕೂತು ಮುಂದಿನ ಪುಟ ಬಿಚ್ಚಿ ಜೋರಾಗಿ ಓದಿದೆ. ಒಂದಕ್ಷರಕ್ಕೂ ನಾಲಿಗೆ ತಡವರಿಸಲಿಲ್ಲ.