ಕ್ಲಬ್ಬಿನಿಂದ ಹೊರಬಿದ್ದ ಡ್ರೈವಿಂಗ್ ಮೇಷ್ಟ್ರು

ಡ್ರೈವಿಂಗ್ ಶಾಲೆಯ ಮೇಷ್ಟ್ರಿಗೆ ಮೂಗಿನ ತುದಿಯಲ್ಲೇ ಕೋಪ. ಕಲಿಯಲು ಬಂದವರಲ್ಲಿ ಅರ್ಧ ಜನ ಕಣ್ಣೊರೆಸಿಕೊಳ್ಳುತ್ತಲೇ ಕಾರಿಳಿಯುತ್ತಿದ್ದರು. ಆದರೂ ಅವರ ಕೈಕೆಳಗೆ ಕಲಿತವರು ಎಲ್ಲೂ ಹೋಗಿ ಗುದ್ದುವುದಿಲ್ಲ ಎಂಬ ಹೆಸರಿತ್ತು. ಮದುವೆಯ ಗೋಜಿಗೆ ಹೋದವರಲ್ಲ. ಮನೆಯಲ್ಲಿ ತಂಗಿ, ತಂಗಿಯ ಮಗಳು.

ಅವರು ಕಟ್ಟಿದ ಯುವಕರ ಕ್ಲಬ್ಬು ಹುಟ್ಟಿದ್ದೂ ಜಗಳದಿಂದಲೇ. ಒಂದು ಸಂಜೆ ಬೀದಿಯ ಹುಡುಗರು ಅವರ ಕಾರಿನ ಗಾಜಿಗೆ ಕಲ್ಲು ತೂರಿದರು. ಮೇಷ್ಟ್ರು ಅಟ್ಟಿಸಿಕೊಂಡು ಹೋಗಿ, ಸಿಕ್ಕವರ ಕೊರಳಪಟ್ಟಿ ಹಿಡಿದು, ಪೊಲೀಸ್ ಠಾಣೆಯ ಬದಲು ಮುಚ್ಚಿಹೋಗಿದ್ದ ಹಿಟ್ಟಿನ ಗಿರಣಿಗೆ ಎಳೆದೊಯ್ದರು.

"ಕೈ ತುರಿಸ್ತಿದೆ ಅಲ್ವಾ? ತಗೊಳ್ಳಿ ಪೊರಕೆ."

ಜೇಡರ ಬಲೆ, ಇಲಿ ಹಿಕ್ಕೆ ಎಲ್ಲ ಹೋದ ಮೇಲೆ ಗಿರಣಿಯ ಒಡೆಯ ಬಂದು ನೋಡಿ, ಹೇಗೂ ಖಾಲಿ ಬಿದ್ದಿದೆ, ಇಟ್ಟುಕೊಳ್ಳಿ ಎಂದ. ಕೇರಂ ಬೋರ್ಡು ಬಂತು, ಪ್ರಥಮ ಚಿಕಿತ್ಸೆಯ ಪಾಠ ಬಂತು, ಭಾನುವಾರ ಬೀದಿಯ ಚರಂಡಿಯ ಹೂಳೆತ್ತುವ ಕೆಲಸ ಬಂತು. ಹುಡುಗಿಯರೂ ಸೇರಿದರು. ತಿಂಗಳಿಗೊಬ್ಬರು ನಾಯಕರಾಗಬೇಕು, ಎಲ್ಲರೆದುರು ನಿಂತು ಮಾತಾಡಬೇಕು, ಯಾವ ತೀರ್ಮಾನವಾದರೂ ಕೈಯೆತ್ತಿಯೇ ಆಗಬೇಕು. ನಿಯಮ ಮಾಡಿದವರು ಮೇಷ್ಟ್ರೇ. ಕಲ್ಲು ತೂರಿದ ಕೈಗಳು ಬ್ಯಾಂಡೇಜು ಕಟ್ಟುವುದನ್ನು ಕಲಿತವು. ಬೀದಿಯವರು ಮೇಷ್ಟ್ರನ್ನು ಹೊಗಳಿದರೂ ಹತ್ತಿರ ಸುಳಿಯುತ್ತಿರಲಿಲ್ಲ.

ಒಂದು ತಿಂಗಳು, ನಾಯಕಿಯಾಗಿದ್ದ ತಂಗಿಯ ಮಗಳ ಸರದಿ ಮುಗಿದು, ಇಸ್ತ್ರಿ ಅಂಗಡಿಯವನ ಮಗನ ಸರದಿ ಬಂತು. ಹುಡುಗನಿಗೆ ತೊದಲು. ಎದ್ದು ನಿಂತ. ಮೊದಲ ಮಾತೇ ಗಂಟಲಲ್ಲಿ ಸಿಕ್ಕಿಕೊಂಡಿತು.

"ಏನೋ, ಇನ್ನೂ ನ್ಯೂಟ್ರಲ್‌ನಲ್ಲೇ ಇದೀಯಾ? ಗೇರ್ ಹಾಕೋ!" ಎಂದರು ಮೇಷ್ಟ್ರು.

ಎಲ್ಲರೂ ನಕ್ಕರು. ಹುಡುಗ ಮತ್ತೆ ಬಾಯಿ ತೆರೆದ. ಮೇಷ್ಟ್ರು ಅವನ ತೊದಲನ್ನೇ ಆಡಿ ತೋರಿಸಿದರು. ಈ ಸಲ ಯಾರೂ ನಗಲಿಲ್ಲ.

"ಮಾವ, ಸಾಕು ನಿಲ್ಸಿ" ಎಂದಳು ತಂಗಿಯ ಮಗಳು.

"ನೀನು ಕೂತ್ಕೋ. ಹೀಗೆ ಉಜ್ಜಿದ್ರೇನೇ ಗಂಡಸಾಗೋದು."

ಅವಳು ಕೂರಲಿಲ್ಲ. "ಮಾವ ಇನ್ನು ಕ್ಲಬ್ಬಿಗೆ ಬರೋದು ಬೇಡ ಅನ್ನೋರು ಕೈಯೆತ್ತಿ" ಎಂದು ಮೊದಲು ತನ್ನ ಕೈಯನ್ನೇ ಎತ್ತಿದಳು. ಒಂದೊಂದಾಗಿ ಕೈಗಳು ಮೇಲೆದ್ದವು. ನಿಂತಿದ್ದ ಹುಡುಗ ಮಾತ್ರ ಎತ್ತಲಿಲ್ಲ, ತಲೆ ತಗ್ಗಿಸಿಕೊಂಡಿದ್ದ.

"ಕೈಯೆತ್ತೋಕೆ ಕಲಿಸಿದ್ದೇ ನಾನು ಕಣ್ರೋ!"

"ಹೌದು ಮಾವ. ಅದಕ್ಕೇ ಎತ್ತಿದೀವಿ."

ಮೇಷ್ಟ್ರು ಬೀಗದ ಕೈಯನ್ನು ಕೇರಂ ಬೋರ್ಡಿನ ಮೇಲೆ ಬಿಸುಟು ಹೊರಟುಹೋದರು.

ಅಂದಿನಿಂದ ಮನೆ ರಣರಂಗ. ಮಾತು ನಿಂತಿತು. ಉಪ್ಪು ಬೇಕಾದರೂ "ಉಪ್ಪಿನ ಡಬ್ಬಿ ಈ ಕಡೆ ತಳ್ಳೋಕೆ ಹೇಳು ನಿನ್ನ ಮಗಳಿಗೆ" ಎಂದು ತಂಗಿಯ ಮೂಲಕವೇ ಹೇಳುತ್ತಿದ್ದರು. ಮಗಳು ಅಷ್ಟೇ ಜೋರಾಗಿ ಡಬ್ಬಿ ತಳ್ಳುತ್ತಿದ್ದಳು. "ನನ್ನನ್ನೇನು ಟೆಲಿಫೋನ್ ಅಂದ್ಕೊಂಡಿದೀರಾ ಇಬ್ರೂ?" ಎಂದು ಒಂದು ದಿನ ತಂಗಿ ತಟ್ಟೆ ಬಿಟ್ಟು ಎದ್ದಳು. ಕ್ಲಬ್ಬಿನಲ್ಲಿ ಹೊಡೆದಾಟವಾಗಿ ಕಿಟಕಿ ಒಡೆದ ಸುದ್ದಿ ಬಂದಾಗ ಮೇಷ್ಟ್ರು ಬೀದಿಯುದ್ದಕ್ಕೂ ಹೇಳಿಕೊಂಡು ತಿರುಗಿದರು.

ಅದನ್ನು ಕೇಳಿಯೇ ಗಿರಣಿಯ ಒಡೆಯ ಡ್ರೈವಿಂಗ್ ಶಾಲೆಗೆ ಬಂದ. ಟೈರು ವ್ಯಾಪಾರಿಯೊಬ್ಬ ಒಳ್ಳೆಯ ಬಾಡಿಗೆಗೆ ಆ ಜಾಗ ಕೇಳುತ್ತಿದ್ದ. ಕ್ಲಬ್ಬಿಗೆ ವಾರ್ಡ್ ಕಚೇರಿಯ ಪರವಾನಗಿ ಇದ್ದುದರಿಂದ ಹುಡುಗರನ್ನು ಸುಮ್ಮನೆ ಎಬ್ಬಿಸುವಂತಿರಲಿಲ್ಲ.

"ಅಲ್ಲಿ ಕುಡಿತ, ಪುಂಡಾಟ ನಡೀತಿದೆ ಅಂತ ವಾರ್ಡ್ ಕಚೇರೀಲಿ ನೀವೊಂದು ಮಾತು ಹೇಳ್ಬಿಡಿ ಮೇಷ್ಟ್ರೇ. ನಿಮ್ಮನ್ನೇ ಆಚೆ ಹಾಕಿದೋರಲ್ವಾ?"

"ನೆಟ್ಟಗಿಲ್ಲದ ಮುಂಡೇವು. ಅವುಗಳ ಮುಖ ಕಂಡ್ರೆ ನಂಗಾಗಲ್ಲ."

"ಅದೇ ಮತ್ತೆ!"

"ಆದ್ರೆ ಕುಡಿಯಲ್ಲ. ನನ್ನ ಸಿಟ್ಟು ನನ್ನದು, ಅದನ್ನ ನಿಂಗೆ ಬಾಡಿಗೆಗೆ ಕೊಡಲ್ಲ. ಏಳು ಮೇಲೆ!"

ಒಡೆಯ ತಾನೇ ದೂರು ಕೊಟ್ಟ. ವಿಚಾರಣೆಯ ದಿನ ಕ್ಲಬ್ಬಿನ ಪರವಾಗಿ ಇಸ್ತ್ರಿಯವನ ಮಗನೇ ಮಾತಾಡಿದ. ಬಹಳ ಹೊತ್ತು ಹಿಡಿಯಿತು. ಅಧಿಕಾರಿ ಗಡಿಯಾರ ನೋಡಿದರೂ ಹುಡುಗ ಬಿಡಲಿಲ್ಲ, ಪೂರ್ತಿ ಹೇಳಿಯೇ ಕೂತ. ಕ್ಲಬ್ಬಿಗೆ ಗಿರಣಿಯಲ್ಲೇ ಇನ್ನೊಂದು ವರ್ಷ ಸಿಕ್ಕಿತು.

ಸಂಜೆ ತಂಗಿಯ ಮಗಳು ಮೇಷ್ಟ್ರ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. "ಮಾವ, ನೀವು ಗಿರಣಿಯವನನ್ನ ಬೈದು ಕಳ್ಸಿದ್ದು ಗೊತ್ತಾಯ್ತು. ವಾಪಸ್ ಬನ್ನಿ. ಆದ್ರೆ ಮೊದ್ಲು ಆ ಹುಡುಗನ ಹತ್ರ ತಪ್ಪಾಯ್ತು ಅನ್ಬೇಕು."

"ಅನ್ನಲ್ಲ."

"ಹಾಗಾದ್ರೆ ಬರ್ಬೇಡಿ."

ಮೇಷ್ಟ್ರು ಹೋಗಲಿಲ್ಲ. ರಾತ್ರಿ ಊಟಕ್ಕೂ ಏಳಲಿಲ್ಲ. ತಪ್ಪಾಯಿತು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದದ್ದುಂಟು ಎಂದು ಎಷ್ಟೋ ವರ್ಷಗಳ ಮೇಲೆ ತಂಗಿಯ ಬಳಿಯಷ್ಟೇ ಹೇಳಿಕೊಂಡರು. ಆಡಲು ಮಾತ್ರ ಆಗಲಿಲ್ಲ.

ಇಸ್ತ್ರಿಯವನ ಮಗ ಹದಿನೆಂಟು ತುಂಬಿದ ಮೇಲೆ ಕಾರು ಕಲಿತ. ಮೇಷ್ಟ್ರ ಶಾಲೆ ಅವನ ಮನೆಯೆದುರಿಗೇ ಇತ್ತು. ಅವನು ಎರಡು ಬಸ್ಸು ಬದಲಿಸಿ ಊರಾಚೆಯ ಶಾಲೆಗೆ ಹೋದ. ಒಮ್ಮೆ ದೊಡ್ಡ ಸಿಗ್ನಲ್ಲಿನಲ್ಲಿ ಇಬ್ಬರ ಕಾರೂ ಅಕ್ಕಪಕ್ಕ ನಿಂತವು. ಮೇಷ್ಟ್ರು ಕಿಟಕಿಯ ಗಾಜು ಇಳಿಸಿದರು. ಹುಡುಗ ಒಮ್ಮೆ ತಿರುಗಿ ನೋಡಿದ, ಗುರುತು ಹಿಡಿದ, ಮುಖ ತಿರುಗಿಸಿದ. ಹಸಿರು ದೀಪ ಬಿದ್ದೊಡನೆ ಎಡಕ್ಕೆ ಹೊರಳಿ ಹೊರಟುಹೋದ.