ಹೆಗಲಿಗೂ ಅಲ್ಲ, ಜೇಬಿಗೂ ಅಲ್ಲ

ಹೆತ್ತವರು ಇಟ್ಟ ಹೆಸರು ಊರಿಗೆ ಮರೆತೇ ಹೋಗಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಒಳಗಿನ ಗುಟ್ಟು ಕೇಳುತ್ತಿದ್ದ ಆ ಮೆಕ್ಯಾನಿಕ್ಕು ಎಲ್ಲರ ಬಾಯಲ್ಲೂ ಕಿವಿಯಣ್ಣ. ಅವನ ತಗಡಿನ ಶೆಡ್ಡಿಗೆ ಎರಡು ಕಾರು ನುಗ್ಗಿದರೆ ಮನುಷ್ಯರು ಹೊರಗೆ ನಿಲ್ಲಬೇಕು. ಹೆಂಡತಿ ಬೇಗ ತೀರಿಹೋದಳು. ಮಗಳು ಆ ಶೆಡ್ಡಿನಲ್ಲೇ ಹಳೇ ಟೈರಿನೊಳಗೆ ಕೂತು ಅಕ್ಷರ ಕಲಿತವಳು.

ಹಳೆಯ ಕಾರು ಕೊಳ್ಳುವವರು ಮೊದಲು ಕಿವಿಯಣ್ಣನನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಅದರಲ್ಲಿ ಅವನದೊಂದು ಕಟ್ಟುಪಾಡಿತ್ತು. ಮಾರುವವನ ಎದುರಿಗೆ ಅವನ ಕಾರನ್ನು ಹಳಿಯಬಾರದು. ಹೆತ್ತವರಿಗೆ ಹೆಗ್ಗಣ ಮುದ್ದು ಅಂದ ಹಾಗೆ, ಓಡಿಸಿದವನಿಗೆ ಡಬ್ಬವೂ ಮುದ್ದೇ. ಇವತ್ತು ಮಾರಿದವನೇ ನಾಳೆ ಇನ್ನೊಂದು ಗಾಡಿ ತಂದು ಶೆಡ್ಡಿನ ಮುಂದೆ ನಿಲ್ಲಿಸುವವನು. ಆದ್ದರಿಂದ ಬಾಯಲ್ಲಿ ಎಲ್ಲ ಕಾರಿಗೂ ಒಂದೇ ಮಾತು: ‘ಒಳ್ಳೆ ಗಾಡಿ.’ ನಿಜ ಹೇಳುತ್ತಿದ್ದುದು ಅವನ ಕೈಯೊರೆಸುವ ಬಟ್ಟೆ. ಎಲ್ಲ ನೋಡಿ ಮುಗಿಸಿ, ಕೈ ಒರೆಸಿಕೊಂಡು, ಬಟ್ಟೆಯನ್ನು ಹೆಗಲಿಗೆ ಹಾಕಿದರೆ ಕಣ್ಣು ಮುಚ್ಚಿ ಕೊಳ್ಳಬಹುದು. ಮಡಚಿ ಜೇಬಿಗೆ ತುರುಕಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಬೇಕು. ಬಾಯಿ ಸಾವಿರ ಸಲ ಸುಳ್ಳಾಡಿತ್ತು. ಬಟ್ಟೆ ಒಂದು ಸಲವೂ ಆಡಿರಲಿಲ್ಲ. ಅವನ ಬದುಕಿನ ಮರ್ಯಾದೆಯೆಲ್ಲ ಆ ಅರ್ಧ ಮೊಳ ಬಟ್ಟೆಯಲ್ಲೇ ಇತ್ತು.

ಅವನಿಗೊಬ್ಬ ತಮ್ಮ. ಬ್ರೆಡ್ ವ್ಯಾನ್ ಓಡಿಸುವವನು, ಮದುವೆಯಾಗದೆ ಉಳಿದವನು. ಇಡೀ ಆಯುಸ್ಸು ಗೂಡಿನಂಥ ಆ ವ್ಯಾನಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತವನಿಗೆ ಒಂದೇ ಹಂಬಲ. ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲಿ ಹೆದ್ದಾರಿಗೆ ಇಳಿದು, ಕಾಲು ಚಾಚಿ ಒತ್ತಬೇಕು. “ಸಾಯೋದ್ರೊಳಗೆ ಒಂದ್ಸಲ ಗಾಳಿ ನನ್ನ ಹಿಂದೆ ಬೀಳ್ಬೇಕಣ್ಣಾ” ಎನ್ನುತ್ತಿದ್ದ. ಖಾಲಿ ವ್ಯಾನನ್ನೇ ಅವನು ಓಡಿಸುತ್ತಿದ್ದ ರೀತಿಗೆ ಕೋಳಿಗಳು ಅವನ ಹಾರ್ನು ಕೇಳಿದರೆ ಮರ ಹತ್ತುತ್ತಿದ್ದವು. ಒಳ್ಳೆಯವನೇ. ಆದರೆ ಬಾಯಿ ಮಾತ್ರ ತೂತುಬಿದ್ದ ಕೊಡ. ನಸುಕಿನಲ್ಲಿ ಕಿವಿಗೆ ಬಿದ್ದ ಮಾತು ಬ್ರೆಡ್ಡಿನ ಜೊತೆಗೇ ಬೀದಿಬೀದಿಯ ಬಾಗಿಲಿಗೆ ಬಿಸಿಬಿಸಿಯಾಗಿ ತಲುಪುತ್ತಿತ್ತು.

ಅಂಥವನಿಗೆ ಕೊನೆಗೂ ಒಂದು ಕೆಂಪು ಕಾರು ಗಂಟುಬಿತ್ತು. ಗಂಟುಬಿದ್ದದ್ದು ಎಲ್ಲಿ ಅಂತೀರಿ? ಕಿವಿಯಣ್ಣನ ಬೀಗರ ಮನೆಯಲ್ಲಿ, ಅಂದರೆ ಮಗಳನ್ನು ಹೊಸದಾಗಿ ಕೊಟ್ಟ ಮನೆಯಲ್ಲಿ.

ಬೀಗರದು ಕನ್ನಡಕದ ಅಂಗಡಿ. ಊರಿಗೆಲ್ಲ ದೃಷ್ಟಿ ಕೊಡುವ ಮನುಷ್ಯ. ಆಳು ಕೆಟ್ಟವರಲ್ಲ, ಆದರೆ ಮಾನವೆಂಬುದು ಅವರಿಗೆ ಮೂಗಿನ ತುದಿಯಲ್ಲಿತ್ತು. ಅಂಗಡಿಯ ಬೋರ್ಡು ಸೊಟ್ಟಗಿದೆ ಎಂದು ಒಡಹುಟ್ಟಿದ ತಂಗಿ ನಗೆಯಾಡಿದ್ದಕ್ಕೆ ಅವಳ ಜೊತೆ ಮಾತು ಬಿಟ್ಟವರು ಇನ್ನೂ ಮಾತಾಡಿರಲಿಲ್ಲ. ಬೀಗಿತ್ತಿಗಂತೂ ಈ ಮದುವೆಗೇ ಅರೆಮನಸ್ಸು. ಹುಡುಗಿ ಬಂದು ನಿಂತರೆ ಗ್ರೀಸಿನ ವಾಸನೆ ಬರುತ್ತದೆ ಎಂದು ಸೆರಗು ಮೂಗಿಗೆ ಒಯ್ದವರು. ಹೊಸ ಸೊಸೆ ಆ ಮನೆಯಲ್ಲಿ ಇನ್ನೂ ಬೇರು ಬಿಟ್ಟಿರಲಿಲ್ಲ. ಒಂದು ಬಿರುಗಾಳಿ ಸಾಕಿತ್ತು.

“ನಮ್ಮ ಮಂಡಿ ಸೋತವು ಬೀಗರೇ,” ಎಂದು ಬೀಗರೇ ಹೇಳಿಕಳಿಸಿದ್ದರು. “ಆ ಕಾರೊಳಗೆ ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ. ಹೊರಗಿನವರಿಗೆ ಯಾಕೆ, ನಿಮ್ಮ ತಮ್ಮನೇ ತಗೊಳ್ಲಿ.”

ರಜೆಯ ದಿನ ಬೆಳಿಗ್ಗೆ ಅಣ್ಣತಮ್ಮಂದಿರು ಹೊರಟರು. ದಾರಿಯುದ್ದಕ್ಕೂ ಕಿವಿಯಣ್ಣ ಬುದ್ಧಿ ಹೇಳಿದ. “ಕಾರು ನೋಡುವಾಗ ಹಲ್ಲು ಬಿಡಬೇಡ. ಕೊಳ್ಳೋನ ಹಲ್ಲು ಕಂಡ್ರೆ ಮಾರೋನು ಅರ್ಧ ಗೆದ್ದ.”

“ನಾನ್ಯಾಕೆ ನಗ್ಲಿ? ನೀನು ಹೂಂ ಅಂದ್ರೆ ಮಾತ್ರ ನನ್ನ ಜೇಬು ಬಿಚ್ಚೋದು” ಎಂದ ತಮ್ಮ. ಗೇಟಿನೊಳಗೆ ಕಾಲಿಟ್ಟು ಕೆಂಪು ಮೂತಿ ಕಂಡದ್ದೇ ತಡ, ದವಡೆಯ ಹಲ್ಲುಗಳೂ ಹೊರಗೆ ಬಂದವು.

ಕಾರು ನಿಜಕ್ಕೂ ಕಣ್ಣು ಸೆಳೆಯುವಂತಿತ್ತು. ಜಿಗಿಯಲು ಮೈ ಕುಗ್ಗಿಸಿದ ಬೆಕ್ಕಿನ ಹಾಗೆ ತಗ್ಗಿ ಕೂತಿತ್ತು. ಕಿವಿಯಣ್ಣ ಸುತ್ತು ಬಂದ. ಬಾಗಿಲು, ಚಾವಣಿ, ಚಕ್ರದ ಮೇಲಿನ ಕಮಾನು, ಎಲ್ಲವನ್ನೂ ಬೆರಳಗೆಣ್ಣಿನಿಂದ ಬಡಿದು ಸದ್ದು ಕೇಳಿದ. ಬಾನೆಟ್ ಎತ್ತಿಸಿ, ಇಂಜಿನ್ ಚಾಲೂ ಮಾಡಿಸಿ, ಸ್ಕ್ರೂಡ್ರೈವರ್ ಕಿವಿಗಿಟ್ಟ. ಇಂಜಿನ್ನು ಹಾಲು ಕುಡಿದ ಮಗುವಿನ ಹಾಗೆ ಉಸಿರಾಡುತ್ತಿತ್ತು. ಹಿಂದಿನ ಟೈರುಗಳಲ್ಲಿ ಒಂದು ಮಾತ್ರ ಒಳಮಗ್ಗುಲಿನಲ್ಲಿ ಹೆಚ್ಚು ಸವೆದಿದ್ದದ್ದು ಅವನ ಕಣ್ಣಿಗೆ ಚುಚ್ಚಿತು. ಅಷ್ಟಕ್ಕೇ ಏನನ್ನೂ ಹೇಳುವ ಹಾಗಿರಲಿಲ್ಲ.

“ನಾನು ತಗೊಂಡ ಮೇಲೆ ಒಂದು ಗೀರು ಬಿದ್ದಿಲ್ಲ,” ಎಂದರು ಬೀಗರು, ಬಾನೆಟ್ಟಿನ ಮೇಲೆ ಕೈಯಾಡಿಸುತ್ತ. “ಗಾಜು ಹೊತ್ಕೊಂಡು ಹೋಗೋನ ಹಾಗೆ ಓಡಿಸಿದೀನಿ. ಕನ್ನಡಕದೋನಲ್ವೇ?” ಅವರ ದನಿಯಲ್ಲಿ ಕಪಟವಿರಲಿಲ್ಲ. ಅದೇ ಮುಂದೆ ಕಿವಿಯಣ್ಣನ ಕುತ್ತಿಗೆಗೆ ಬಂತು.

ಓಡಿಸಿ ನೋಡಬೇಕಲ್ಲ. ಸ್ಟೇರಿಂಗ್ ಹಿಡಿದು ತಮ್ಮ. ಪಕ್ಕದ ಸೀಟು ಮಂಡಿನೋವಿನ ಬೀಗರಿಗೆ. ಉಳಿದ ಕಿವಿಯಣ್ಣನಿಗೆ ಹಿಂದಿನ ಸೀಟು. ಸೀಟೆಂದರೆ ಏನು, ಎರಡು ಚೀಲ ಇಡುವಷ್ಟು ಗವಿ, ಅದಕ್ಕೆ ಬಾಗಿಲಿಲ್ಲ. ಮುಂದಿನ ಸೀಟು ಬಗ್ಗಿಸಿ, ಹೊಟ್ಟೆ ಒಳಗೆಳೆದುಕೊಂಡು ಅವನು ತೂರಿಕೊಂಡ. ಮಂಡಿ ಗಲ್ಲಕ್ಕೆ ಬಂತು, ತಲೆ ಚಾವಣಿಗೆ ತಾಗಿತು.

“ಆ ಸೀಟಿನ ಹಿಡಿ ಸ್ವಲ್ಪ ಹಟಮಾರಿ,” ಎಂದರು ಬೀಗರು, ಕೂರುತ್ತ. “ಹೊರಗಿನಿಂದ ಯಾರಾದ್ರೂ ಎಳೀಬೇಕು. ಒಳಗೆ ಹೋಗೋದು ಸುಲಭ, ಬರೋದೇ ಕಷ್ಟ.”

“ಮದುವೆ ಇದ್ದ ಹಾಗೆ ಅನ್ನಿ!” ಎಂದ ತಮ್ಮ. ಬೀಗರು ಹೊಟ್ಟೆ ಕುಣಿಸಿ ನಕ್ಕರು.

ಕಾರು ಬೀದಿ ದಾಟಿ, ಗೋದಾಮುಗಳ ಸಾಲು ದಾಟಿ, ದೊಡ್ಡ ರಸ್ತೆಗೆ ಬಿತ್ತು. ರಸ್ತೆಯುಬ್ಬಿನ ಮೇಲೆ ಹಾಯ್ದಾಗ ಕಿವಿಯಣ್ಣನಿಗೆ ಒಂದು ಸದ್ದು ಕೇಳಿಸಿತು. ಕಿರ್ ಎಂದು ಸಣ್ಣಗೆ, ಹಳೇ ಮಂಚದಲ್ಲಿ ಯಾರೋ ಮಗ್ಗುಲಾದ ಹಾಗೆ. ಮುಂದೆ ಕೂತವರ ಕಿವಿಗೆ ಬೀಳುವ ಸದ್ದಲ್ಲ ಅದು. ಇನ್ನೊಂದು ಉಬ್ಬು ಬಂತು, ಮತ್ತೆ ಕಿರ್. ಅವನು ಸೀಟು ಮತ್ತು ಗೋಡೆಯ ನಡುವಿನ ಸಂದಿಗೆ ಕೈ ಇಳಿಸಿ, ಕಾರ್ಪೆಟ್ಟಿನ ಅಂಚು ಎಬ್ಬಿಸಿ, ಬೆರಳು ತೂರಿಸಿದ.

ಬೆರಳಿಗೆ ಸಿಕ್ಕಿದ್ದು ಒಂದು ದಡಿ. ಹೊಲಿಗೆ ಹಾಕಿದ ಗಾಯ ಒಣಗಿ ಉಬ್ಬಿದ ಹಾಗೆ, ಅಡ್ಡಕ್ಕೆ ಎಳೆದ ಬೆಸುಗೆ. ಇನ್ನೊಂದು ಬದಿ ತಡವಿದ, ಅಲ್ಲೂ ಅದೇ ನೇರಕ್ಕೆ ಅದೇ ದಡಿ. ಇದು ಒಂದು ಕಾರಲ್ಲ, ಎರಡು. ಮೂತಿ ಜಜ್ಜಿದ ಒಂದು, ಬೆನ್ನು ಜಜ್ಜಿದ ಇನ್ನೊಂದು. ಯಾವನೋ ಪುಣ್ಯಾತ್ಮ ಎರಡನ್ನೂ ನಡುವಿಗೆ ಕೊಯ್ದು, ಚೆನ್ನಾಗಿದ್ದ ಅರ್ಧಗಳನ್ನು ಕೂಡಿಸಿ, ಕೆಂಪು ಬಳಿದು ಬೀಗರ ತಲೆಗೆ ಕಟ್ಟಿದ್ದ. ಗಾಜು ಹೊತ್ತವನ ನಡಿಗೆಗೆ ಅದು ಇಷ್ಟು ದಿನ ಹಿಡಿದುಕೊಂಡಿತ್ತು. ತಮ್ಮನ ಕಾಲಿಗೆ ಸಿಕ್ಕರೆ ಹೆದ್ದಾರಿಯಲ್ಲಿ ಮುಂದಿನ ಅರ್ಧ ಒಂದು ದಾರಿ, ಹಿಂದಿನ ಅರ್ಧ ಇನ್ನೊಂದು ದಾರಿ.

“ಒತ್ತಲಾ ಅಣ್ಣಾ?” ಎಂದ ತಮ್ಮ.

“ಬೇಡ!” ಎಂದ ಕಿವಿಯಣ್ಣ. ದನಿ ತನಗೇ ದೊಡ್ಡದಾಗಿ ಕೇಳಿಸಿತು. “ಅಂದ್ರೆ... ನನಗೆ ಹೊಟ್ಟೆ ತೊಳಸುತ್ತೆ. ಮೆಲ್ಲಗೆ ತಿರುಗಿಸು.”

ಅತ್ತ ದರಿ ಇತ್ತ ಪುಲಿ ಎನ್ನುತ್ತಾರೆ. ಅಲ್ಲಿ ಹಾರಲಿಕ್ಕೋ ಓಡಲಿಕ್ಕೋ ಜಾಗವಾದರೂ ಇರುತ್ತದೆ. ಇಲ್ಲಿ ಬಾಗಿಲೇ ಇಲ್ಲ. ಮುಂದಿನ ಎರಡು ತಲೆಗಳನ್ನು ಅವನು ನೋಡುತ್ತ ಕೂತ. ಒಂದು ತಲೆ ಉಳಿಸಿದರೆ ಇನ್ನೊಂದು ತಲೆ ತಗ್ಗಬೇಕು. ಹೋಗಲಿ, ತಮ್ಮನ ಕಿವಿಯಲ್ಲಿ ಆಮೇಲೆ ಗುಟ್ಟಾಗಿ ಹೇಳಿದರಾಯಿತು ಎನ್ನಲಿಕ್ಕೂ ಇಲ್ಲ. ಬೀಗರ ಬೀದಿಗೆ ಬ್ರೆಡ್ಡು ಹಾಕುವವನು ಅವನೇ. ‘ಕನ್ನಡಕದೋರಿಗೇ ಕಣ್ಣು ಕಾಣ್ಲಿಲ್ಲ’ ಎಂಬ ಮಾತು ಮರುದಿನದ ಹೊತ್ತಿಗೆ ಆ ಬೀದಿಯ ತಿಂಡಿಯ ತಟ್ಟೆಗಳಲ್ಲಿರುತ್ತಿತ್ತು. ಆಮೇಲೆ ಅವರ ಮನೆಯಲ್ಲಿ ಮಗಳು ಯಾರ ಮುಖ ನೋಡಿ ಬದುಕಬೇಕು?

ಬಟ್ಟೆ ಇದೆಯಲ್ಲ, ಎಂದುಕೊಂಡ. ಬಾಯಿ ಹೊಗಳಲಿ; ಬಟ್ಟೆ ಸದ್ದಿಲ್ಲದೆ ಜೇಬಿಗೆ ಇಳಿಯಲಿ. ಆ ಸನ್ನೆ ಕಂಡರೆ ತಮ್ಮ ಮಾರುವವನ ಎದುರಿಗೆ ಕಾರಣ ಕೇಳುವವನಲ್ಲ. ಬಣ್ಣ ಹಿಡಿಸಲಿಲ್ಲ, ಮನಸ್ಸಾಗಲಿಲ್ಲ ಎಂದು ಏನೋ ನೆವ ಹೇಳಿ ಎದ್ದುಬರುತ್ತಾನೆ. ಯಾಕೆ ಏನು ಎಂದು ಆಮೇಲೆ ಕೇಳಿದರೆ ಗೇರ್ ಬಾಕ್ಸು, ಮಣ್ಣು ಮಸಿ ಎಂದರಾಯಿತು.

ಗೇಟಿನೊಳಗೆ ಕಾರು ನಿಂತಿತು. ತಮ್ಮ ಆ ಕಡೆಯಿಂದ ಸುತ್ತಿ ಬಂದು ಹಟಮಾರಿ ಹಿಡಿಯನ್ನು ಎಳೆದು, ಅಣ್ಣನನ್ನು ಹಲಸಿನ ತೊಳೆಯೊಳಗಿನ ಬೀಜದ ಹಾಗೆ ಹೊರಗೆ ಹಿಂಡಿದ. ಬೀಗಿತ್ತಿ ಮೆಟ್ಟಿಲ ಮೇಲೆ ನಿಂತಿದ್ದರು. ಮೇಲಿನ ಕಿಟಕಿಯಲ್ಲಿ ಮಗಳು. ಕಿವಿಯಣ್ಣ ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆ ತೆಗೆದು ಕೈ ಒರೆಸಿಕೊಳ್ಳತೊಡಗಿದ.

“ಒಳ್ಳೆ ಗಾಡಿ” ಎಂದ.

ಬೀಗರು ಕಾಲು ನೀವಿಕೊಳ್ಳುತ್ತ ಗಹಗಹಿಸಿದರು. “ಬಾಯಿ ಮಾತು ಯಾರಿಗೆ ಬೇಕು ಬೀಗರೇ! ನಮ್ಮ ಸೊಸೆ ಊಟಕ್ಕೆ ಕೂತಾಗ ಎಲ್ಲಾ ಹೇಳಿದಾಳೆ. ಹೆಗಲಿಗೆ ಹೋದ್ರೆ ಹೌದು, ಜೇಬಿಗೆ ಹೋದ್ರೆ ಅಲ್ಲ! ನಾವು ಅವತ್ತು ನಕ್ಕಿದ್ದೇ ನಕ್ಕಿದ್ದು. ಒರೆಸಿ ಮುಗಿಸಿ ನೋಡೋಣ, ಬಟ್ಟೆ ಎಲ್ಲಿಗೆ ಹೋಗುತ್ತೆ ಅಂತ ನಮಗೂ ಗೊತ್ತಾಗ್ಲಿ.”

ಕಿಟಕಿಯಲ್ಲಿ ಮಗಳು ಬಾಯಿಗೆ ಕೈ ಒತ್ತಿಕೊಂಡಳು. ಹೊಸ ಮನೆಯಲ್ಲಿ ಎಲ್ಲರನ್ನೂ ನಗಿಸಲು ಅವಳಲ್ಲಿದ್ದದ್ದು ಅದೊಂದೇ ಕತೆ.

ಕಿವಿಯಣ್ಣ ಒರೆಸಿದ್ದನ್ನೇ ಒರೆಸಿದ. ಬೆರಳ ಸಂದಿ ಒರೆಸಿದ, ಉಗುರು ಒರೆಸಿದ. ತಮ್ಮನ ಕಣ್ಣು ಹೆಗಲ ಮೇಲೆ. ಬೀಗರ ಕಣ್ಣು ಜೇಬಿನ ಮೇಲೆ. ಬೀಗಿತ್ತಿಯ ಕಣ್ಣು ಎರಡರ ಮೇಲೂ. ಬಟ್ಟೆ ಕಬ್ಬಿಣದಷ್ಟು ಭಾರವಾಯಿತು.

“ಕೈ ಏನು, ಚರ್ಮ ಸುಲೀತಿದೀರಾ?” ಎಂದರು ಬೀಗಿತ್ತಿ.

ಆಗ ಕಿವಿಯಣ್ಣ, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವನ ಹಾಗೆ, ಆ ಬಟ್ಟೆಯನ್ನು ತೆರೆದ ಕಿಟಕಿಯಿಂದ ಚಾಲಕನ ಸೀಟಿನ ಮೇಲೆ ಒಗೆದ.

“ಕಾರು ತಮ್ಮನಿಗಿಲ್ಲ. ನಾನೇ ತಗೋತೀನಿ.”

ಮೊದಲು ಅರಳಿದ್ದು ಬೀಗರ ಮುಖ. “ನೋಡಿದ್ಯೇನೇ! ಕಾರು ನೋಡೋನೇ ಕಾರಿಗೆ ಮನಸೋತ ಅಂದ್ರೆ! ನನ್ನ ಗಾಡಿ ಅಂದ್ರೆ ಏನಂದ್ಕೊಂಡೆ?” ಬೀಗಿತ್ತಿಯೂ ಮೊದಲ ಸಲ ಕಿವಿಯಣ್ಣನನ್ನು ಮನುಷ್ಯರನ್ನು ನೋಡುವ ಹಾಗೆ ನೋಡಿದರು.

ತಮ್ಮ ಮಾತ್ರ ಸೀಟಿನ ಮೇಲಿನ ಬಟ್ಟೆಯನ್ನೇ ನೋಡುತ್ತಿದ್ದ. ಹಲ್ಲೆಲ್ಲ ಒಳಗೆ ಹೋಗಿದ್ದವು. “ಅಣ್ಣಾ, ತಮಾಷೆ ತಾನೇ?”

“ಅಲ್ಲ.”

“ನಿನ್ನ ಹೊಟ್ಟೆ ಆ ಸ್ಟೇರಿಂಗ್ ಕೆಳಗೆ ಹಿಡಿಯುತ್ತೇನೋ? ನನ್ನ ತಟ್ಟೆಗೆ ಕೈ ಹಾಕ್ತಿದೀಯಲ್ಲೋ!”

“ಹಿಡಿಸ್ಕೋತೀನಿ” ಎಂದ ಕಿವಿಯಣ್ಣ, ನೆಲ ನೋಡುತ್ತ.

ತಮ್ಮ ಗೇಟು ತೆರೆದೇ ಬಿಟ್ಟು ನಡೆದುಕೊಂಡು ಹೋದ. ಅವತ್ತಿನಿಂದ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಬ್ರೆಡ್ಡಿನ ಜೊತೆ ಬೀದಿಬೀದಿಗೂ ಒಂದೇ ಸುದ್ದಿ ಹಂಚಿದ: ಬೇಲಿಯೇ ಎದ್ದು ಹೊಲ ಮೇಯಿತು, ಅಣ್ಣನ ಬಟ್ಟೆಯನ್ನು ಇನ್ನು ನಂಬಬೇಡಿ. ನಂಬುವವರು ಕಡಿಮೆಯೂ ಆದರು. ನೆಲದ ಮೇಲೆ ಅಂಗಾತ ಮಲಗುವುದು ತಪ್ಪಲಿ ಎಂದು ಗಾಡಿ ಎತ್ತುವ ಯಂತ್ರಕ್ಕೆ ಕಿವಿಯಣ್ಣ ಕೂಡಿಟ್ಟದ್ದು ಕೆಂಪು ಕಾರಿಗೆ ಹೋಯಿತು. ಅವನ ಬೆನ್ನು ನೆಲದಲ್ಲೇ ಉಳಿಯಿತು.

ಕಾರನ್ನು ಇನ್ನೊಬ್ಬನಿಗೆ ಮಾರುವಂತಿಲ್ಲ, ಅವನ ಮನೆಯಲ್ಲೂ ಒಬ್ಬ ಅಣ್ಣನೋ ತಮ್ಮನೋ ಇರುತ್ತಾನೆ. ಬಿಚ್ಚಿ ಗುಜರಿಗೆ ಹಾಕುವಂತಿಲ್ಲ, ಬೀಗರು ರಜೆಗೊಮ್ಮೆ ಬಂದು ಅದರ ಮೈದಡವುತ್ತಾರೆ. ಮನುಷ್ಯರು ಹೊರಗೆ ನಿಲ್ಲಬೇಕಾದ ಶೆಡ್ಡಿನಲ್ಲಿ ಅದು ಒಂದು ಕಾರಿನ ಜಾಗ ತಿನ್ನುತ್ತ ಕೂತಿತು.

ಮಗಳು ಒಂದು ದಿನ ಒಬ್ಬಳೇ ಬಂದಳು. ನೇರ ಹಿಂದಿನ ಸೀಟಿಗೆ ತೂರಿ, ಕಾರ್ಪೆಟ್ಟಿನ ಕೆಳಗೆ ಬೆರಳು ಹಾಕಿದಳು. ಟೈರಿನೊಳಗೆ ಕೂತು ಬೆಳೆದವಳಿಗೆ ಹೇಳಿಕೊಡಬೇಕೇ?

“ಅಪ್ಪಾ, ಚಿಕ್ಕಪ್ಪಂಗೆ ನಾನು ಹೇಳ್ಲಾ?”

“ನೀನು ಒಂದ್ಸಲ ಹೇಳಿದ್ದೇ ಸಾಕಮ್ಮ.”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅವಳು ತಲೆ ತಗ್ಗಿಸಿದಳು. ಕಿವಿಯಣ್ಣ ಹೋಗಿ ಹಟಮಾರಿ ಹಿಡಿಯನ್ನು ಎಳೆದು, ಕೈಕೊಟ್ಟು ಹೊರಗೆ ಕರೆದುಕೊಂಡ. “ಅತ್ತೆ ಈಗ ಹೇಗಿದಾರೆ?” ಎಂದು ಕೇಳಿದ. “ಚೆನ್ನಾಗಿದಾರೆ. ನಿಮ್ಮಪ್ಪಂಗೆ ಒಳ್ಳೇದು ಯಾವುದು ಅಂತ ಗೊತ್ತಾಗುತ್ತೆ ಅಂತಾರೆ” ಎಂದಳು.

ಮುಂದಿನ ರಜೆಗೆ ಬೀಗರು ಬೀಗಿತ್ತಿಯನ್ನೂ ಕರೆತಂದರು. “ಇವತ್ತು ಮಂಡಿ ಹಗುರಾಗಿದೆ, ನಾನೇ ಓಡಿಸ್ತೀನಿ” ಎಂದರು. ಬೀಗಿತ್ತಿ ಮುಂದೆ ಕೂತರು. ಕಾರಿನ ಒಡೆಯ ಹಿಂದಿನ ಗವಿಗೆ ತೂರಿಕೊಂಡ. ಬೀಗರು ಎಂದಿನ ಹಾಗೆ ಗಾಜು ಹೊತ್ತವರಂತೆ ಹೊರಟರು.

ನಾಲ್ಕುದಾರಿಯಲ್ಲಿ ಎದುರಿಗೆ ಬ್ರೆಡ್ ವ್ಯಾನ್ ಬಂತು. ತಮ್ಮ ಕೆಂಪು ಮೂತಿಯನ್ನು ಕಂಡ, ಕುತ್ತಿಗೆ ಬಿಗಿದುಕೊಂಡು ನೇರ ನೋಡಿದ, ಕಾಲು ಒತ್ತಿದ. ವ್ಯಾನು ಭರ್ರೆಂದು ಹಾಯ್ದುಹೋಯಿತು. ಇಡಿಯಾಗಿ, ಒಂದೇ ತುಂಡಾಗಿ ಹೋಯಿತು. ಕಿವಿಯಣ್ಣ ಅದು ಚಿಕ್ಕದಾಗುವವರೆಗೂ ಹಿಂದಿನ ಗಾಜಿನಿಂದ ನೋಡಿದ.

“ನಿಮ್ಮ ತಮ್ಮನಿಗೆ ಇನ್ನೂ ಹೊಟ್ಟೆಕಿಚ್ಚು ಆರಿಲ್ಲ” ಎಂದರು ಬೀಗರು.

“ಹೂಂ” ಎಂದ ಕಿವಿಯಣ್ಣ.

ರಸ್ತೆಯುಬ್ಬು ಬಂತು. ಅವನು ಸೀಟಿನ ಸಂದಿಗೆ ಕೈ ಇಳಿಸಿ, ಜ್ವರದ ಮಗುವಿನ ಮೈ ಮೇಲೆ ಇಟ್ಟ ಹಾಗೆ, ಬೆಸುಗೆಯ ದಡಿಯ ಮೇಲೆ ಅಂಗೈ ಇಟ್ಟ.

“ಎಷ್ಟು ಹಿತವಾಗಿ ಓಡ್ತಿದೆ ನೋಡಿ!”

“ಒಳ್ಳೆ ಗಾಡಿ ಬೀಗರೇ,” ಎಂದ ಅವನು. “ಸ್ವಲ್ಪ ಮೆಲ್ಲಗೆ ಬಿಡಿ.”